ಕಜೆಟನ್ ತೊಳೆದ ಗಾಜು

ಕಜೆಟನ್ ಮಿನೇಜಸ್ ತೊಳೆದಿಟ್ಟ ಗಾಜಿನ ಮೇಲೆ ನೀರು ಹನಿಯಾಗಿ ನಿಲ್ಲುತ್ತಿರಲಿಲ್ಲ. ಒಂದೇ ತೆಳು ಪದರವಾಗಿ ಜಾರಿ ಹೋಗುತ್ತಿತ್ತು. ಎಲ್ಲಾದರೂ ಒಂದು ಹನಿ ಅಂಟಿಕೊಂಡರೆ ಅಲ್ಲಿ ಜಿಡ್ಡು ಉಳಿದಿದೆ ಎಂದರ್ಥ. ಅವರು ಪ್ರತಿ ಫ್ಲಾಸ್ಕನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಆ ಹನಿಯನ್ನು ಹುಡುಕುತ್ತಿದ್ದರು. ಸಿಕ್ಕದಿದ್ದರೆ, "ನೋಡಿ ಮೇಡಂ, ಚರ್ಚಿನಲ್ಲಿ ಪಾದ್ರಿಗಳ ಬಲಿಪೂಜೆಗೂ ಆಗ್ತದೆ" ಎಂದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಆ ಮನುಷ್ಯನಿಗಿದ್ದ ಜಂಭ ಅದೊಂದೇ. ಅದು ಹೇಗೆ ಮಣ್ಣುಪಾಲಾಯಿತು, ಅದರಲ್ಲಿ ನನ್ನ ಕೈ ಎಷ್ಟಿತ್ತು ಎಂಬುದನ್ನು ಬಿಟ್ಟು ಅವರ ಬಗ್ಗೆ ಬರೆದರೆ ನಾನು ಬರೆದದ್ದೆಲ್ಲ ಸುಳ್ಳಾಗುತ್ತದೆ.

ಮಣಿಪಾಲದಿಂದ ಅಲೆವೂರಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಆಗ 'ಪಡುಕರೆ ಆಹಾರ ಸಂಶೋಧನಾ ಕೇಂದ್ರ' ಎಂಬ ದೊಡ್ಡ ಬೋರ್ಡು ಹೊತ್ತ ಸಣ್ಣ ಹಂಚಿನ ಕಟ್ಟಡವಿತ್ತು. ಒಬ್ಬರು ನಿರ್ದೇಶಕರು, ಗಣಪ ಎಂಬ ಟೈಪಿಸ್ಟ್, ಮೂವರು ಸಂಶೋಧಕರು, ಗಾಜು ತೊಳೆಯಲು ಕಜೆಟನ್, ಇಷ್ಟೇ ಜನ. ನಾನು ಅಲ್ಲಿಗೆ ಸೇರಿದ್ದು 1978ರ ಜೂನ್‌ನಲ್ಲಿ. ದಿನಾ ಬೆಳಿಗ್ಗೆ ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು, ಮತ್ತೆ ಕೊಡೆ ಹಿಡಿದು ಹತ್ತು ನಿಮಿಷದ ನಡಿಗೆ. ಕಾಪುವಿನಲ್ಲಿ ನನ್ನ ಅಪ್ಪನಿಗೆ ಕೊಡೆ ಮತ್ತು ಚಪ್ಪಲಿಯ ಅಂಗಡಿ. ನಮ್ಮ ಬ್ಯಾರಿ ಮುಸ್ಲಿಮರ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಹುಡುಗಿ ನಾನೊಬ್ಬಳೇ. ದೊಡ್ಡಪ್ಪ ಬೀರಾನ್, "ಇನ್ನು ಎಷ್ಟು ಓದಿಸ್ತಿ? ಇದು ಮುಗಿಯುವ ವಿಷಯವಾ?" ಎಂದು ಎಲ್ಲರೆದುರು ಕೇಳಿದಾಗ ಅಪ್ಪ, "ಡಾಕ್ಟರೇಟಿಗೆ ಐದು ವರ್ಷ ಕೊಟ್ಟಿದ್ದೇನೆ. ಅವಳು ತೆಗೆದುಕೊಂಡು ಬಂದರೆ ಅವಳ ತಂಗಿ ಐಸಮ್ಮನೂ ಕಾಲೇಜಿಗೆ ಹೋಗ್ತಾಳೆ. ತರದಿದ್ದರೆ ಇಬ್ಬರೂ ಮನೆಯಲ್ಲಿ" ಎಂದುಬಿಟ್ಟಿದ್ದರು. ವಿಶ್ವವಿದ್ಯಾಲಯದ ಗಡುವು ಕೂಡ ಐದೇ ಶೈಕ್ಷಣಿಕ ವರ್ಷ. 1983ರ ಮಾರ್ಚ್ ಕೊನೆಯೊಳಗೆ ನನ್ನ ಪ್ರಬಂಧ ಒಪ್ಪಿಗೆಯಾಗಬೇಕಿತ್ತು.

ವಿಷಯ ಯೀಸ್ಟ್. ಉಡುಪಿಯ ಬೇಕರಿಗಳಿಗೆ ಆಗ ಯೀಸ್ಟ್ ಬೊಂಬಾಯಿಯಿಂದ ಲಾರಿಯಲ್ಲಿ ಬರುತ್ತಿತ್ತು; ದಾರಿಯ ಸೆಕೆಗೆ ಅರ್ಧ ಸತ್ತೇ ಬರುತ್ತಿತ್ತು. ನಮ್ಮ ಊರಿನ ಕಳ್ಳಿನಲ್ಲೇ ಒಳ್ಳೆಯ ಯೀಸ್ಟ್ ಉಂಟಲ್ಲ, ಅದನ್ನು ಬೆಳೆಸಿ ಒಣಗಿಸಿ ಕೊಡಬಾರದೇಕೆ ಎಂಬುದು ನಿರ್ದೇಶಕರ ಆಸೆ. ಬೆಳೆಸಬೇಕಾದರೆ ಅದರ ಹೊಟ್ಟೆಬಾಕತನ ಗೊತ್ತಿರಬೇಕು. ಯೀಸ್ಟ್ ಸಕ್ಕರೆ ತಿನ್ನುತ್ತದೆ, ಗಾಳಿ ಎಳೆದುಕೊಳ್ಳುತ್ತದೆ, ನಮ್ಮ ಹಾಗೆಯೇ ಉಸಿರಾಡುತ್ತದೆ. ಆದರೆ ಸಕ್ಕರೆ ಸಿಕ್ಕಿದ ಮಾತ್ರಕ್ಕೆ ಆಗಲಿಲ್ಲ, ಅದನ್ನು ಒಳಗೆ ಮುರಿದು ಶಕ್ತಿ ಮಾಡಿಕೊಳ್ಳಲು ಬಿ ಗುಂಪಿನ ವಿಟಮಿನ್‌ಗಳು ಬೇಕು. ಥಯಾಮಿನ್ ಇಲ್ಲದಿದ್ದರೆ ಸಕ್ಕರೆ ಅರ್ಧ ಮುರಿದು ಅಲ್ಲೇ ನಿಂತುಬಿಡುತ್ತದೆ. ಬಯೋಟಿನ್ ಇಲ್ಲದಿದ್ದರೆ ಹೊಸ ಯೀಸ್ಟ್ ಹುಟ್ಟುವುದೇ ನಿಲ್ಲುತ್ತದೆ. ಕೆಲವು ಯೀಸ್ಟ್‌ಗಳು ಇವನ್ನು ತಾವೇ ತಯಾರಿಸಿಕೊಳ್ಳುತ್ತವೆ, ಕೆಲವಕ್ಕೆ ಹೊರಗಿನಿಂದ ಕೊಡಬೇಕು. ನಮ್ಮ ಕಳ್ಳಿನ ಯೀಸ್ಟ್‌ಗೆ ಯಾವುದು ಬೇಕು, ಎಷ್ಟು ಬೇಕು ಎಂದು ಕಂಡುಹಿಡಿಯುವುದು ನನ್ನ ಕೆಲಸ.

ಕಾಪುವಿನ ಬ್ಯಾರಿ ಹುಡುಗಿ ಕಳ್ಳಿನ ಮಡಕೆಗೆ ಮೂಗು ಹಾಕಿ ಕೂತಿದ್ದಾಳೆ ಎಂದು ಅಪ್ಪನಿಗೆ ಗೊತ್ತಾದರೆ ಐದು ವರ್ಷ ಬಿಡಿ, ಐದು ದಿನವೂ ಸಿಗುತ್ತಿರಲಿಲ್ಲ. "ಹಿಟ್ಟು ಉಬ್ಬಿಸುವ ಔಷಧದ ಮೇಲೆ ಓದ್ತಿದ್ದೇನೆ" ಎಂದು ಮನೆಯಲ್ಲಿ ಹೇಳಿಟ್ಟಿದ್ದೆ. ಕಳ್ಳು ತಂದುಕೊಟ್ಟದ್ದು ಕಜೆಟನ್. ಅಲೆವೂರಿನ ಅವರ ಮನೆಯ ಪಕ್ಕದ ತೆಂಗಿನಿಂದ ಇಳಿಸಿದ್ದನ್ನು ಬಾಟಲಿಗೆ ಹಾಕಿ, ಮೇಲೆ ಬಾಳೆಎಲೆ ಕಟ್ಟಿ, ನನ್ನ ಮೇಜಿನ ಮೇಲಿಟ್ಟು, "ಮೇಡಂ, ವಾಸನೆ ನೋಡಿದರೆ ಹರಾಮ್ ಆಗುದಿಲ್ಲ ಅಲ್ವಾ?" ಎಂದು ಗಂಭೀರವಾಗಿ ಕೇಳಿದ್ದರು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಆಗ ಅವರಿಗೆ ನಲವತ್ತೈದು ದಾಟಿತ್ತು. ಮೊದಲು ಉಡುಪಿಯ ಒಂದು ಬೇಕರಿಯಲ್ಲಿ ಹದಿನೆಂಟು ವರ್ಷ ಹಿಟ್ಟು ನಾದಿದವರು. ಮೈದಾ ಹುಡಿ ಎದೆಗೆ ಸೇರಿ ಉಸಿರು ಕಟ್ಟಲು ಶುರುವಾದ ಮೇಲೆ ಆ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದರು. ಹೆಂಡತಿ ಕಾನ್ಸೆಪ್ಟಾ, ಒಬ್ಬಳೇ ಮಗಳು ಬರ್ತಾ. ಊರಿನ ಮದುವೆಗಳಿಗೆ ಕಾನ್ಸೆಪ್ಟಾ ಬಾಯಿ ಸಾನ್ನಾಂ ಮಾಡಿಕೊಡುತ್ತಿದ್ದರು, ಕಳ್ಳು ಹಾಕಿ ಉಬ್ಬಿಸಿ ಹಬೆಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ. ಅಲೆವೂರಿನಲ್ಲಿ ಎಲ್ಲರೂ ಕಜೆಟನ್ ಅವರನ್ನು ಮರ್ಯಾದೆಯಿಂದ ಪೊರ್ಬು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರ ವಾಡೆಗೆ ಅವರೇ ಗುರ್ಕಾರ. ವಾಡೆ ಎಂದರೆ ಚರ್ಚಿನ ವ್ಯಾಪ್ತಿಯ ಇಪ್ಪತ್ತು ಮೂವತ್ತು ಮನೆ, ಗುರ್ಕಾರ ಅವುಗಳ ಹಿರಿಯ. ಜಗಳ ಬಿಡಿಸುವುದು, ಸಾವಿನ ಮನೆಯಲ್ಲಿ ಪ್ರಾರ್ಥನೆ ನಡೆಸುವುದು, ಪಾದ್ರಿಗಳಿಗೆ ಸುದ್ದಿ ಮುಟ್ಟಿಸುವುದು ಎಲ್ಲ ಅವನದೇ. ತುಳು ನಮಗಿಬ್ಬರಿಗೂ ಬರುತ್ತಿತ್ತು. ಆದರೆ ಕೇಂದ್ರದ ಗೇಟು ದಾಟಿದ ಕೂಡಲೇ ಅವರು ಕನ್ನಡಕ್ಕೆ ಬದಲಾಗುತ್ತಿದ್ದರು. ಕನ್ನಡ ಅವರಿಗೆ ಪ್ಯಾಂಟಿನ ಹಾಗೆ, ಕೆಲಸಕ್ಕೆ ಬರುವಾಗ ಹಾಕಿಕೊಳ್ಳುವುದು.

ಯೀಸ್ಟ್‌ನ ಉಸಿರನ್ನು ಅಳೆಯುವ ಯಂತ್ರವೊಂದು ನಮ್ಮಲ್ಲಿತ್ತು. ಗಾಜಿನ ಪುಟ್ಟ ಬುಡ್ಡಿಯಲ್ಲಿ ಯೀಸ್ಟ್, ಅದಕ್ಕೆ ಸೇರಿದ ಸಪೂರ ಕೊಳವೆಯಲ್ಲಿ ಬಣ್ಣದ ನೀರು. ಯೀಸ್ಟ್ ಆಮ್ಲಜನಕ ಎಳೆದುಕೊಂಡ ಹಾಗೆ ಆ ನೀರು ಕೊಳವೆಯಲ್ಲಿ ಏರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎಷ್ಟು ಏರಿತೆಂದು ಬರೆದುಕೊಳ್ಳಬೇಕು. ಕಜೆಟನ್ ಒಮ್ಮೆ ಹಿಂದೆ ನಿಂತು ನೋಡುತ್ತಾ, "ಇಷ್ಟು ಸಣ್ಣದರ ಉಸಿರು ಅಳೀಲಿಕ್ಕೆ ಇಷ್ಟು ದೊಡ್ಡ ಮೆಷಿನ್ನು. ಬೇಕರಿಯಲ್ಲಿ ನನ್ನ ಉಸಿರು ಹೋಗುವಾಗ ಯಾರೂ ಅಳೀಲಿಲ್ಲ ಮೇಡಂ" ಎಂದರು. ಬೇಸರದಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಈ ಕೆಲಸಕ್ಕೆ ಗಾಜು ಬಹಳ ಶುದ್ಧವಾಗಿರಬೇಕು. ಒಂದು ಬಾವಿ ನೀರಿಗೆ ಒಂದು ಹರಳು ಉಪ್ಪು ಬಿದ್ದಷ್ಟು ಬಯೋಟಿನ್ ಇದ್ದರೂ ಯೀಸ್ಟ್‌ಗೆ ಸಾಕು, ಬೆಳೆದುಬಿಡುತ್ತದೆ. ಹಾಗಾಗಿ ಗಾಜನ್ನು ಕ್ರೋಮಿಕ್ ಆಸಿಡ್‌ನಲ್ಲೇ ತೊಳೆಯಬೇಕೆಂದು ನಿರ್ದೇಶಕರ ಕಟ್ಟಪ್ಪಣೆ. ಕಿತ್ತಳೆ ಬಣ್ಣದ, ಹೊಗೆಯಾಡುವ ದ್ರವ ಅದು. ಬಟ್ಟೆಗೆ ಬಿದ್ದರೆ ತೂತು, ಚರ್ಮಕ್ಕೆ ಬಿದ್ದರೆ ಹುಣ್ಣು. ರಬ್ಬರ್ ಕೈಗವಸು ತರಿಸಿ ಎಂದು ಕಜೆಟನ್ ಮೂರು ಸಲ ಅರ್ಜಿ ಕೊಟ್ಟಿದ್ದರು. ಬಂದದ್ದು ಒಂದೇ ಜೊತೆ, ಅದೂ ಒಂದು ತಿಂಗಳಲ್ಲಿ ಬಿರಿಯಿತು.

1980ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವರು ಊಟದ ಬುತ್ತಿ ಬಿಚ್ಚಿ ಸುಮ್ಮನೆ ಕೂತಿದ್ದರು. "ಎಂತ ಪೊರ್ಬುಗಳೇ, ಊಟ ಇಲ್ವಾ?" ಎಂದೆ. ಅವರು ಕೈ ತೋರಿಸಿದರು. ಬೆರಳುಗಳ ಸಂದಿಯೆಲ್ಲ ಒಡೆದು, ಅಂಗೈಯ ತೊಗಲು ಎದ್ದುಹೋಗಿ, ಒಳಗಿನ ಕೆಂಪು ಕಾಣುತ್ತಿತ್ತು. ಮೀನು ಸಾರಿನ ಖಾರಕ್ಕೆ ಆ ಕೈ ಹಾಕಲು ಆಗುತ್ತಿರಲಿಲ್ಲ. ಚಮಚದಲ್ಲಿ ತಿಂದು ಅವರಿಗೆ ಅಭ್ಯಾಸವಿಲ್ಲ.

"ಆ ಆಸಿಡ್ ಬಿಟ್ಟುಬಿಡಿ ಮಾರಾಯ್ರೆ" ಎಂದೆ. "ಜಿಡ್ಡು ಹೋದರೆ ಸಾಕಲ್ಲ. ಮನೆಯಲ್ಲಿ ಎಂತದರಲ್ಲಿ ತೊಳೀತೀರೋ ಅದರಲ್ಲೇ ತೊಳೆಯಿರಿ."

"ಸರ್ ಕೇಳಿದರೆ?"

"ನಾನು ಹೇಳಿದ್ದು ಅಂತ ಹೇಳಿ."

ಇಷ್ಟೇ ಮಾತು. ಎರಡು ನಿಮಿಷದ ಕನಿಕರ. ಯೀಸ್ಟ್‌ನ ಹಸಿವಿನ ಮೇಲೆ ಎರಡು ವರ್ಷ ಓದಿದವಳು ಆಡಬಾರದಿದ್ದ ಮಾತು. ಅವರು ಮುಂದೆ ಏನು ಬಳಸಿದರು ಎಂದು ನಾನು ಕೇಳಲೂ ಇಲ್ಲ. ಗಾಜು ಮೊದಲಿಗಿಂತ ಚೆನ್ನಾಗಿಯೇ ಹೊಳೆಯುತ್ತಿತ್ತು, ಹನಿ ನಿಲ್ಲುತ್ತಿರಲಿಲ್ಲ, ಅವರ ಕೈ ಎರಡು ತಿಂಗಳಲ್ಲಿ ವಾಸಿಯಾಯಿತು. ನಾನು ಅದನ್ನು ಮರೆತೇಬಿಟ್ಟೆ.

ಆಮೇಲೆ ನನ್ನ ಪ್ರಯೋಗಗಳು ಹಬ್ಬದಂತೆ ನಡೆದವು. ವಿಟಮಿನ್ ಕೊಟ್ಟ ಯೀಸ್ಟ್ ಚೆನ್ನಾಗಿ ಉಸಿರಾಡಿತು. ವಿಟಮಿನ್ ಒಂದಿಷ್ಟೂ ಕೊಡದ ಯೀಸ್ಟ್ ಸೊರಗಬೇಕಿತ್ತು, ಅದೂ ಉಸಿರಾಡಿತು. ಒಂದು ಫ್ಲಾಸ್ಕಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಿಸಿ ಉಪವಾಸ ಕೆಡವಿದರೂ ಬಣ್ಣದ ನೀರು ಏರುತ್ತಲೇ ಇತ್ತು. ಎಂಥ ಯೀಸ್ಟ್ ಇದು! ತನಗೆ ಬೇಕಾದ ವಿಟಮಿನ್‌ಗಳನ್ನೆಲ್ಲ ತಾನೇ ಮಾಡಿಕೊಳ್ಳುವ ಯೀಸ್ಟ್ ನಮ್ಮ ಅಲೆವೂರಿನ ಕಳ್ಳಿನಲ್ಲಿ ಸಿಕ್ಕಿದೆ ಎಂದು ನಿರ್ದೇಶಕರು ನೆಲದಿಂದ ಒಂದಡಿ ಮೇಲೆ ನಡೆಯತೊಡಗಿದರು. ನಾನೂ ನಡೆದೆ, ಇಲ್ಲ ಎನ್ನುವುದಿಲ್ಲ. ಪ್ರಬಂಧ ಬರೆದು ಮುಗಿಸಿದೆ. ಗಣಪ ಮುನ್ನೂರು ಪುಟ ಟೈಪ್ ಮಾಡಿದ. ಮೈಸೂರಿನ ಪರೀಕ್ಷಕರೊಬ್ಬರಿಗೆ ಪ್ರಬಂಧದ ಜೊತೆ ಯೀಸ್ಟ್‌ನ ಮಾದರಿಯನ್ನೂ ಕಳುಹಿಸಿದೆವು.

1982ರ ಸೆಪ್ಟೆಂಬರಿನಲ್ಲಿ ಅವರ ಉತ್ತರ ಬಂತು. ಒಂದು ಪುಟದ್ದು. ನಿಮ್ಮ ಯೀಸ್ಟ್ ನಮ್ಮಲ್ಲಿ ವಿಟಮಿನ್ ಇಲ್ಲದೆ ಎರಡನೇ ಫ್ಲಾಸ್ಕಿಗೇ ಬೆಳೆಯುವುದನ್ನು ನಿಲ್ಲಿಸಿತು, ಮೂರು ಸಲ ಮಾಡಿ ನೋಡಿದ್ದೇವೆ, ನಿಮ್ಮ ಅಂಕಿಗಳು ಎಲ್ಲಿಂದ ಬಂದವು ಎಂದು ಅಭ್ಯರ್ಥಿ ವಿವರಿಸಬೇಕು. ಎಲ್ಲಿಂದ ಬಂದವು! ನಾನು ಕಥೆ ಕಟ್ಟಿದ್ದೇನೆ ಎಂದು ಹೇಳಲು ಇದಕ್ಕಿಂತ ಸಭ್ಯವಾದ ಮಾತಿಲ್ಲ. ನಿರ್ದೇಶಕರು ನನ್ನ ಮುಖ ನೋಡದೆ, "ಎಲ್ಲ ಮತ್ತೆ ಮಾಡಿ ನೋಡು" ಎಂದರು.

ಮತ್ತೆ ಮಾಡಿದೆ. ಮೈಸೂರಿನಲ್ಲಿ ಸತ್ತ ಯೀಸ್ಟ್ ನನ್ನ ಮೇಜಿನ ಮೇಲೆ ಹಾಯಾಗಿ ಉಸಿರಾಡಿತು. ಸಕ್ಕರೆ ಬದಲಾಯಿಸಿದೆ. ನೀರನ್ನು ಎರಡೆರಡು ಸಲ ಬಟ್ಟಿ ಇಳಿಸಿದೆ. ಲವಣಗಳ ಹೊಸ ಬಾಟಲಿಯ ಸೀಲು ಒಡೆದೆ. ಮೂರು ವಾರ ಹೀಗೆ ಕತ್ತಲಲ್ಲಿ ತಡಕಾಡಿದೆ. ಐಸಮ್ಮ ಆಗ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಬೆಳಿಗ್ಗೆ ಬಸ್ ಸ್ಟಾಪಿನವರೆಗೆ ಜೊತೆಗೆ ಬಂದು, "ಅಕ್ಕಾ, ಮಾರ್ಚಿಗೆ ಆಗ್ತದಲ್ಲ?" ಎಂದು ಕೇಳುತ್ತಿದ್ದಳು. ಅವಳ ಮುಖಕ್ಕೆ ಮುಖ ಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಅಕ್ಟೋಬರ್ ತಿಂಗಳ ಒಂದು ದಿನ ಯಂತ್ರದೆದುರು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಕಜೆಟನ್ ಒಳಗೆ ಬಂದರು. ಕೇಂದ್ರದಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು.

"ಮೈಸೂರಿನವರ ಗಾಜಿನಲ್ಲೇ ಎಂತದೋ ವಿಷ ಇರಬೇಕು ಮೇಡಂ" ಎಂದರು ಸಮಾಧಾನ ಮಾಡುವ ದನಿಯಲ್ಲಿ. "ಅವರು ಆಸಿಡ್ ಹಾಕಿ ತೊಳೀತಾರೆ. ಅದು ಒಳಗೆ ಉಳಿದರೆ ಪಾಪ, ಯೀಸ್ಟ್ ಸಾಯದೆ ಇರ್ತದಾ? ನಮ್ಮಲ್ಲಿ ಆ ಹೆದರಿಕೆ ಇಲ್ಲ. ನಾನು ತೆಂಗಿನ ನಾರಿಗೆ ತೌಡು ಹಾಕಿ ತಿಕ್ಕುದು. ಕಾನ್ಸೆಪ್ಟಾ ಸಾನ್ನಾಂ ಪಾತ್ರೆಗೆ ಮಾಡುವ ಹಾಗೆಯೇ. ತೌಡು ಅವಳೇ ಕಟ್ಟಿಕೊಡುದು. ಎಣ್ಣೆ ಜಿಡ್ಡು ತೌಡಿಗೆ ಹೋದ ಹಾಗೆ ಯಾವುದಕ್ಕೂ ಹೋಗುದಿಲ್ಲ."

ನಾನು ಮೇಜಿನ ಮೇಲಿದ್ದ ಒಂದು ಫ್ಲಾಸ್ಕನ್ನು ಎತ್ತಿ ಬೆಳಕಿಗೆ ಹಿಡಿದೆ.

ಅಕ್ಕಿಯ ತೌಡು. ಪಾಲಿಶ್ ಮಾಡಿದ ಅಕ್ಕಿ ಉಂಡವರಿಗೆ ಕೈಕಾಲಿನ ಶಕ್ತಿ ಹೋಗುವ ಬೆರಿಬೆರಿ ಎಂಬ ರೋಗ ಬರುತ್ತಿತ್ತು, ಅದಕ್ಕೆ ಮದ್ದು ಆ ಅಕ್ಕಿಯಿಂದ ತೆಗೆದು ಬಿಸಾಡಿದ ತೌಡಿನಲ್ಲೇ ಇತ್ತು, ಥಯಾಮಿನ್ನನ್ನು ಮೊದಲು ಬೇರ್ಪಡಿಸಿದ್ದು ತೌಡಿನಿಂದಲೇ ಎಂದು ನನ್ನ ಪ್ರಬಂಧದ ಮೊದಲ ಪುಟದಲ್ಲಿ ನಾನೇ ಬರೆದಿದ್ದೆ. ಬಿ ವಿಟಮಿನ್‌ಗಳನ್ನು ಹುಡುಕಿಕೊಂಡು ಹೋಗುವವರು ಮೊದಲು ಹೋಗುವುದೇ ಅಲ್ಲಿಗೆ. ತೆಂಗಿನ ನಾರು ಗೀರಿದ ಗಾಜಿನ ಗೆರೆಗಳಲ್ಲಿ, ಫ್ಲಾಸ್ಕುಗಳ ಕುತ್ತಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ತೌಡು ಕೂತಿತ್ತು. ನಾನು ಉಪವಾಸ ಕೆಡವಿದ್ದೇನೆ ಎಂದುಕೊಂಡ ಯೀಸ್ಟ್‌ಗೆ ಎರಡು ವರ್ಷ ಕಾನ್ಸೆಪ್ಟಾ ಬಾಯಿಯ ಅಡುಗೆಮನೆಯಿಂದ ಊಟ ಹೋಗುತ್ತಿತ್ತು. ನನ್ನ ಮುನ್ನೂರು ಪುಟದಲ್ಲಿ ಒಂದು ಸಾಲೂ ನಿಜವಲ್ಲ.

ಅವರಿಗೆ ವಿವರಿಸಿ ಹೇಳಿದೆ. ಹೇಳುವಾಗ ನನ್ನ ದನಿ ಏರಿತು, ಕೂಗಾಡಿದೆ ಎಂದೇ ಹೇಳಬೇಕು. ಅವರು ಗೋಡೆಗೆ ಒರಗಿ ನಿಂತರು. "ತೌಡಿನಲ್ಲಾ?" ಎಂದರು. ಮತ್ತೆ, "ತೌಡಿನಲ್ಲಿ ಅಷ್ಟು ಉಂಟಾ?" ಎಂದರು. ಆಮೇಲೆ ಮೆಲ್ಲಗೆ, "ನೀವು ಮನೆಯಲ್ಲಿ ತೊಳೆಯುವ ಹಾಗೆ ಅಂತ ಹೇಳಿದ್ರಲ್ಲ ಮೇಡಂ" ಎಂದರು. ಆಪಾದನೆ ಅಲ್ಲ. ಎಲ್ಲಿ ತಪ್ಪಿದೆನೆಂದು ಹುಡುಕುತ್ತಿದ್ದರು, ಅಷ್ಟೆ. ನನ್ನ ಕೂಗು ಅಲ್ಲಿಗೆ ನಿಂತಿತು.

ಇನ್ನು ಮುಚ್ಚಿಡುವಂತಿರಲಿಲ್ಲ. ಮಾರ್ಚಿಗೆ ಐದೇ ತಿಂಗಳು. ಆಸಿಡ್‌ನಲ್ಲಿ ತೊಳೆದ ಗಾಜಿನಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಲು ಒಂದು ವರ್ಷ ಬೇಕು. ನಿರ್ದೇಶಕರ ಕೋಣೆಗೆ ಹೋಗಿ ತೌಡಿನ ವಿಷಯ ಹೇಳಿದೆ. ಆಸಿಡ್ ಬಿಡಲು ನಾನೇ ಹೇಳಿದ್ದು ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ಕೂಡಲೇ ತೊಳೆಯುವ ಕೊಟ್ಟಿಗೆಗೆ ನಡೆದರು. ಅಲ್ಲಿ ಸೌದೆ ರಾಶಿಯ ಹಿಂದೆ ಎರಡು ವರ್ಷದ ಆಸಿಡ್ ಬಾಟಲಿಗಳು ಸೀಲು ಒಡೆಯದೆ ಸಾಲಾಗಿ ನಿಂತಿದ್ದವು. ಪ್ರತಿ ತಿಂಗಳು ಸ್ಟೋರಿನಿಂದ ತೆಗೆದುಕೊಳ್ಳದಿದ್ದರೆ ಯಾಕೆಂದು ಕೇಳುತ್ತಾರೆ, ಶರೀಫಾ ಮೇಡಂ ಹೆಸರು ಹೊರಗೆ ಬರುತ್ತದೆ ಎಂದು ಕಜೆಟನ್ ತಂದು ತಂದು ಅಲ್ಲಿ ಇಟ್ಟಿದ್ದರು.

ಮರುದಿನ ನಿರ್ದೇಶಕರು ನನ್ನನ್ನು ಕರೆದರು. ದಾರಿಯೊಂದು ಸಿಕ್ಕಿದ ಖುಷಿ ಅವರ ಮುಖದಲ್ಲಿತ್ತು. "ಸಿಬ್ಬಂದಿಯ ತಪ್ಪಿನಿಂದ ಕೆಲಸ ಹಾಳಾಗಿದೆ ಅಂತ ನೀನು ಬರೆದು ಕೊಟ್ಟರೆ ವಿಶ್ವವಿದ್ಯಾಲಯ ಒಂದು ವರ್ಷ ಹೆಚ್ಚು ಕೊಡ್ತದೆ. ನಾನು ಮಾತಾಡಿದ್ದೇನೆ" ಎಂದರು. ಗಣಪ ಆಗಲೇ ಇಂಗ್ಲಿಷಿನಲ್ಲಿ ಟೈಪ್ ಮಾಡಿಟ್ಟಿದ್ದ. ಸ್ಪಷ್ಟ ಸೂಚನೆಯನ್ನು ಮೀರಿ, ಸ್ಟೋರಿನಿಂದ ಪಡೆದ ಸಾಮಗ್ರಿಗಳನ್ನು ಉದ್ದೇಶಿತ ಕೆಲಸಕ್ಕೆ ಬಳಸದೆ ದುರುಪಯೋಗ ಮಾಡಿದ್ದಾನೆ ಎಂದಿತ್ತು. ಕೆಳಗೆ ನನ್ನ ಹೆಸರು.

"ಸರ್, ದುರುಪಯೋಗ ಅಂದರೆ ಬೇರೆ ಅರ್ಥ ಬರ್ತದೆ. ಬಾಟಲಿಗಳೆಲ್ಲ ಅಲ್ಲೇ ಉಂಟಲ್ಲ" ಎಂದೆ.

"ಅದು ಆಫೀಸು ಭಾಷೆ. ಗಟ್ಟಿಯಾಗಿ ಬರೆಯದಿದ್ದರೆ ಅವರು ಒಪ್ಪುದಿಲ್ಲ. ನಾಳೆ ಬೆಳಿಗ್ಗೆ ಟಪಾಲಿಗೆ ಹೋಗಬೇಕು. ಆಗುದಿಲ್ಲ ಅಂದರೆ ಹೇಳು, ನಿನ್ನ ಫೈಲು ಮುಚ್ತೇನೆ."

ಕಾಗದ ಹಿಡಿದು ಹೊರಗೆ ಬಂದೆ. ಸಹಿ ಹಾಕಿದರೆ ಕಜೆಟನ್ ಕೆಲಸ ಹೋಗುತ್ತದೆ. ಹಾಕದಿದ್ದರೆ ನನ್ನ ಐದು ವರ್ಷ ಹೋಗುತ್ತದೆ, ಜೊತೆಗೆ ಐಸಮ್ಮನೂ ಮನೆ ಸೇರುತ್ತಾಳೆ. ನಾನು ಹೇಳಿದ್ದೆಂದು ಒಪ್ಪಿಕೊಂಡರೆ? ಆಗಲೂ ಅವರ ಕೆಲಸ ಉಳಿಯುತ್ತಿತ್ತು ಎಂದು ಖಾತ್ರಿಯಿಲ್ಲ, ನನ್ನದಂತೂ ಹೋಗುತ್ತಿತ್ತು. ಇದನ್ನೆಲ್ಲ ನಾನು ಈಗ ನನ್ನ ಪರವಾಗಿ ಹೇಳಿಕೊಳ್ಳುತ್ತಿದ್ದೇನೆ ಎಂದು ನಿಮಗೆ ಅನಿಸಿದರೆ ಅದು ಸರಿಯೇ.

ಕೊಟ್ಟಿಗೆಗೆ ಹೋದೆ. ಕಜೆಟನ್ ಉಳಿದ ತೌಡನ್ನು ಚೀಲಕ್ಕೆ ಕಟ್ಟುತ್ತಿದ್ದರು. ಕಾಗದದಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳಿದೆ. ದುರುಪಯೋಗ ಎಂಬ ಮಾತು ಬಂದಾಗ ಅವರು ತಲೆ ಎತ್ತಿದರು, ಮತ್ತೆ ಚೀಲಕ್ಕೆ ತೌಡು ತುಂಬತೊಡಗಿದರು.

"ಸೈನ್ ಹಾಕಿ ಮೇಡಂ" ಎಂದರು ಕೊನೆಗೆ. "ನನ್ನ ಬರ್ತಾಳಿಗೆ ಹದಿನೈದು ವರ್ಷ. ನಿಮ್ಮ ತಂಗಿಯೂ ಹೆಚ್ಚು ಕಡಿಮೆ ಅಷ್ಟೇ ಅಲ್ವಾ? ಓದುವವರು ಓದಲಿ. ನಾನು ಎಲ್ಲಾದರೂ ಪಾತ್ರೆ ತೊಳೀಬಹುದು."

"ನಾನು ಹೇಳಿದ್ದು ಅಂತ ನೀವು ಯಾಕೆ ಸರ್ ಹತ್ತಿರ ಹೇಳ್ಲಿಲ್ಲ?"

"ಹೇಳಿದರೆ ಇಬ್ಬರದ್ದೂ ಹೋಗ್ತದೆ. ಎಂತ ಪ್ರಯೋಜನ? ನಾನು ಹೇಳುದಿಲ್ಲ. ಯಾರ ಹತ್ತಿರವೂ ಹೇಳುದಿಲ್ಲ."

ಅಲ್ಲೇ, ತೊಳೆಯುವ ಕಲ್ಲಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ಅವರು ಚೀಲದ ಬಾಯಿ ಕಟ್ಟಿ ಮುಗಿಸಿದರು. ಅವರನ್ನು ಕೆಲಸದಿಂದ ತೆಗೆದ ಕಾಗದ ನವೆಂಬರ್ ಮೊದಲ ವಾರದಲ್ಲಿ ಬಂತು. ನನ್ನ ಸಹಿಯ ಕಾಗದದಲ್ಲಿದ್ದ ಇಂಗ್ಲಿಷ್ ಶಬ್ದಗಳೇ ಅದರಲ್ಲೂ ಇದ್ದವು.

ಒಂದು ವರ್ಷ ಸಿಕ್ಕಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಆಸಿಡ್‌ನಲ್ಲಿ ನಾನೇ ತೊಳೆದೆ. ಎರಡು ತಿಂಗಳಿಗೆ ನನ್ನ ಬೆರಳಿನ ಸಂದಿಗಳೂ ಒಡೆದವು. ಮನೆಯಲ್ಲಿ ಉಮ್ಮ ತೆಂಗಿನೆಣ್ಣೆ ಹಚ್ಚಿದರು, ನಾನು ಕಾರಣ ಹೇಳಲಿಲ್ಲ. ಆ ಗಾಜಿನಲ್ಲಿ ಯೀಸ್ಟ್ ಪರೀಕ್ಷಕರು ಹೇಳಿದಂತೆಯೇ ನಡೆದುಕೊಂಡಿತು. ಬಯೋಟಿನ್ ಇಲ್ಲದ ಫ್ಲಾಸ್ಕಿನಲ್ಲಿ ಎರಡನೇ ಸರದಿಗೆ ಬೆಳವಣಿಗೆ ನಿಂತಿತು. ಥಯಾಮಿನ್ ಇಲ್ಲದ್ದನ್ನು ಯಂತ್ರಕ್ಕೆ ಜೋಡಿಸಿ ಕೂತೆ. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಬಣ್ಣದ ನೀರು ಇದ್ದಲ್ಲೇ ಇತ್ತು. ಸುತ್ತ ಬೇಕಾದಷ್ಟು ಸಕ್ಕರೆ ಇದ್ದೂ ಅವು ಉಸಿರಾಡಲಾರದೆ ನಿಂತಿದ್ದವು. ಒಂದು ಹನಿ ಥಯಾಮಿನ್ ಸೇರಿಸಿದೆ, ನೀರು ಮೆಲ್ಲಗೆ ಏರತೊಡಗಿತು. ಎಷ್ಟೋ ವರ್ಷ ಕಾದ ಫಲಿತಾಂಶ. ನನಗೆ ಖುಷಿ ಆಗಬೇಕಿತ್ತು, ಅಳು ಬಂತು.

ಆ ನಡುವೆ ಒಮ್ಮೆ ಅಲೆವೂರಿನ ಅವರ ಮನೆಗೆ ಹೋಗಿದ್ದೆ, ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು. ಕಾನ್ಸೆಪ್ಟಾ ಬಾಯಿ ಮುಖ ಕೊಟ್ಟು ಮಾತಾಡಲಿಲ್ಲ. ಕಷಾಯ ತಂದಿಟ್ಟು ಒಳಗೆ ಹೋದರು. ಕಜೆಟನ್ ಗೇಟಿನವರೆಗೆ ಬಂದು, "ಡಿಗ್ರಿ ಆಗುವವರೆಗೆ ಬರಬೇಡಿ ಮೇಡಂ. ನೀವು ಇಲ್ಲಿಗೆ ಬರುದು ಸರ್‌ಗೆ ಗೊತ್ತಾದರೆ ಕಷ್ಟ" ಎಂದರು. ಸರಿ ಎಂದೆ. ಹೋಗದಿರಲು ನನಗೂ ಒಂದು ನೆಪ ಬೇಕಿತ್ತೋ ಏನೋ.

1984ರಲ್ಲಿ ಡಿಗ್ರಿ ಆಯಿತು. ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಬರೆದಿದ್ದೆ. ಯಾರ ತಪ್ಪೆಂದು ಹೇಳಿ ಒಂದು ವರ್ಷ ಹೆಚ್ಚು ತೆಗೆದುಕೊಂಡೆವೋ ಅವರಿಗೇ ಥ್ಯಾಂಕ್ಸ್ ಹೇಳುವುದುಂಟಾ ಎಂದು ನಿರ್ದೇಶಕರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ಅಪ್ಪ ಕೇರಿಗೆಲ್ಲ ಸಿಹಿ ಹಂಚಿದರು. ಐಸಮ್ಮ ಕಾಲೇಜಿಗೆ ಹೋದಳು. ನನಗೆ ಕಾರ್ಕಳದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಕಜೆಟನ್ ಉಡುಪಿಯ ಗೋಲಿ ಸೋಡಾ ಫ್ಯಾಕ್ಟರಿಯಲ್ಲಿ ಬಾಟಲಿ ತೊಳೆಯುತ್ತಿದ್ದಾರೆ ಎಂದು ಯಾರೋ ಹೇಳಿದರು. ಡಿಗ್ರಿ ಆದ ಮೇಲೂ ನಾನು ಹೋಗಲಿಲ್ಲ. ಇವತ್ತು ನಾಳೆ ಎಂದು ಮೂರು ವರ್ಷ ಹೋಯಿತು.

1987ರ ಜುಲೈಯಲ್ಲಿ ಒಂದು ದಿನ ಪಾಠ ಮುಗಿಸಿ ಹೊರಗೆ ಬಂದಾಗ ವರಾಂಡದಲ್ಲಿ ಕಪ್ಪು ಸೀರೆಯ ಹುಡುಗಿಯೊಬ್ಬಳು ನಿಂತಿದ್ದಳು. ಬರ್ತಾ. ತಂದೆಯ ಅಗಲ ಹಣೆಯನ್ನು ನೋಡಿಯೇ ಗುರುತು ಸಿಕ್ಕಿತು.

"ಅಪ್ಪ ಹೋಗಿ ಒಂದೂವರೆ ತಿಂಗಳಾಯ್ತು ಟೀಚರ್. ಎದೆಯದ್ದೇ" ಎಂದಳು.

ಸ್ಟಾಫ್ ರೂಮಿನಲ್ಲಿ ಕೂರಿಸಿದೆ. ನೀರು ಕೊಟ್ಟರೆ ಕುಡಿಯಲಿಲ್ಲ.

"ನಿಮ್ಮ ಹತ್ತಿರ ಒಂದು ಕೇಳ್ಲಿಕ್ಕುಂಟು. ಅಪ್ಪ ಲ್ಯಾಬಿನ ಸ್ಪಿರಿಟ್ ಕದ್ದು ಕುಡೀತಿದ್ದರು ಅಂತ ನಮ್ಮ ಕಡೆಯವರೆಲ್ಲ ಹೇಳುದು. ಕೆಲಸದಿಂದ ತೆಗೆದ ಲೆಟರನ್ನು ಅಮ್ಮ ಪಕ್ಕದ ಮನೆಯ ಲೂಯಿಸ್ ಮಾಮನ ಹತ್ತಿರ ಓದಿಸಿದ್ದು. ಸ್ಟೋರಿನ ಸಾಮಾನು ದುರುಪಯೋಗ ಅಂತ ಉಂಟು, ಲ್ಯಾಬಿನಲ್ಲಿ ದುರುಪಯೋಗ ಮಾಡ್ಲಿಕ್ಕೆ ಸ್ಪಿರಿಟ್ ಬಿಟ್ಟರೆ ಬೇರೆ ಎಂತ ಉಂಟು ಅಂತ ಅವರು ಹೇಳಿದರು. ಮತ್ತೆ ಚರ್ಚಿನಲ್ಲಿ ಅಪ್ಪನನ್ನು ಗುರ್ಕಾರನ ಸ್ಥಾನದಿಂದ ತೆಗೆದರು. ನಾನು ಅಪ್ಪನ ಹತ್ತಿರ ಎಷ್ಟೋ ಸಲ ಕೇಳಿದ್ದೇನೆ. 'ನಾನು ಕದಿಯಲಿಲ್ಲ ಮಗಾ' ಅಂತ ಮಾತ್ರ ಹೇಳ್ತಿದ್ದರು. ಮತ್ತೆ ಯಾಕೆ ತೆಗೆದದ್ದು ಅಂತ ಕೇಳಿದರೆ ಬಾಯಿ ಬಿಡ್ತಿರಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ಕೇಳಿದೆ. 'ಶರೀಫಾ ಮೇಡಂಗೆ ಗೊತ್ತುಂಟು, ಹೇಳುದಿದ್ದರೆ ಅವರೇ ಹೇಳಲಿ' ಅಂದರು."

ಐದು ವರ್ಷ ಆ ಮನುಷ್ಯ ಕೊಟ್ಟ ಮಾತನ್ನು ಮಗಳ ಎದುರೂ ಮುರಿದಿರಲಿಲ್ಲ. ಸಾಯುವಾಗಲೂ ನನ್ನ ಗುಟ್ಟನ್ನು ನನ್ನ ಕೈಗೇ ಬಿಟ್ಟು ಹೋಗಿದ್ದರು. ಇಷ್ಟು ಒಳ್ಳೆಯವರಾಗಬೇಡಿ ಪೊರ್ಬುಗಳೇ ಎಂದು ಅವರ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಬಂದದ್ದು ಅಸಹ್ಯ.

ಬರ್ತಾಳಿಗೆ ಎಲ್ಲ ಹೇಳಿದೆ. ಅವರ ಕೈ, ನಾನಾಡಿದ ಮಾತು, ಸೀಲು ಒಡೆಯದ ಬಾಟಲಿಗಳು, ನನ್ನ ಸಹಿ, ಒಂದನ್ನೂ ಬಿಡಲಿಲ್ಲ. ತೌಡು ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

"ನಾನು ಇವತ್ತೇ ನಿನ್ನ ಜೊತೆ ಬರ್ತೇನೆ" ಎಂದೆ. "ನಿನ್ನ ಅಮ್ಮನ ಎದುರು ಹೇಳ್ತೇನೆ. ನಿಮ್ಮ ಪಾದ್ರಿಗಳ ಎದುರೂ ಹೇಳ್ತೇನೆ. ಬರೆದು ಕೊಡು ಅಂದರೆ ಬರೆದು ಕೊಡ್ತೇನೆ."

ಅವಳು ತಟ್ಟನೆ ನನ್ನ ಕೈ ಹಿಡಿದುಕೊಂಡಳು.

"ಬೇಡ ಟೀಚರ್. ಅಮ್ಮನಿಗೆ ಮಾತ್ರ ಹೇಳಬೇಡಿ. ಗುರ್ಕಾರ ಸ್ಥಾನ ಹೋದ ದಿನದಿಂದ ಅಮ್ಮ ಅಪ್ಪನ ಹತ್ತಿರ ಮಾತಾಡ್ಲಿಲ್ಲ. ಊಟ ಬಡಿಸಿ ಒಳಗೆ ಹೋಗ್ತಿದ್ದರು. ಅಪ್ಪ ಆಸ್ಪತ್ರೆಯಲ್ಲಿ ಕರೆದರು, ಅಮ್ಮ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಈಗ ಅವರು ಕದಿಯಲಿಲ್ಲ ಅಂತ ಗೊತ್ತಾದರೆ, ಅದರ ಮೇಲೆ ಆ ತೌಡು ತಾನೇ ಕಟ್ಟಿ ಕೊಟ್ಟದ್ದು ಅಂತ ಗೊತ್ತಾದರೆ, ಅಮ್ಮ ಬದುಕುದಿಲ್ಲ."

ಅಲೆವೂರಿಗೆ ಹೋಗುವ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ಪಾದ್ರಿಗಳಿಗೆ ಹೇಳಿದರೂ ಅದು ಅವಳ ಅಮ್ಮನ ಕಿವಿಗೆ ಬೀಳುತ್ತಿತ್ತು; ನಾನು ಯಾರಿಗೂ ಹೇಳಲಿಲ್ಲ. ಕಾನ್ಸೆಪ್ಟಾ ಬಾಯಿ ಈ ವರ್ಷ, 1989ರ ಫೆಬ್ರವರಿಯಲ್ಲಿ ತೀರಿಕೊಂಡರು, ತಮ್ಮ ಗಂಡ ಕಳ್ಳ ಎಂದು ನಂಬಿಕೊಂಡೇ.